ಲಿಫ್ಟ್ ಮಾಡಿದ ಗಾಡಿಯ ಅಲೈನ್‌ಮೆಂಟ್: ಕ್ಯಾಸ್ಟರ್ ಬುಷ್ ಸಾಕೇ, ಆರ್ಮ್ ಬದಲಿಸಬೇಕೇ?

ಕಲ್ಲುಹಾದಿ

ನನ್ನದು ಮುಂದೆಯೂ ಹಿಂದೆಯೂ ಸಾಲಿಡ್ ಆಕ್ಸಲ್ ಇರುವ, ಕಾಯಿಲ್ ಸ್ಪ್ರಿಂಗಿನ ಗಾಡಿ. ಮುಂದಿನ ಆಕ್ಸಲನ್ನು ಎರಡು ರೇಡಿಯಸ್ ಆರ್ಮ್‌ಗಳು ಹಿಡಿದಿವೆ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಅಡ್ಡಕ್ಕೆ ಪ್ಯಾನ್‌ಹಾರ್ಡ್ ರಾಡ್ ಇದೆ. ಡಬ್ಬದ ಮೇಲೆ 50 ಮಿ.ಮೀ. ಲಿಫ್ಟ್ ಎಂದು ಬರೆದಿದ್ದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಹಾಕಿಸಿ ಮೂರು ವಾರವಾಯಿತು. ಕಲ್ಲು ಹಾದಿಯಲ್ಲಿ ಗಾಡಿ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ, ಆದರೆ ಹೆದ್ದಾರಿಯಲ್ಲಿ 80ರ ವೇಗ ದಾಟಿದರೆ ಮುಂಭಾಗ ತೇಲಿದಂತಾಗಿ, ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ತಿದ್ದುತ್ತಲೇ ಇರಬೇಕಾಗುತ್ತದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ, ನಾನೇ ಎಳೆದು ತರಬೇಕು.

ಅಲೈನ್‌ಮೆಂಟ್ ಮಾಡಿಸಿದಾಗ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಮಾತ್ರ ಸರಿಪಡಿಸಿ, ಉಳಿದದ್ದಕ್ಕೆ ಈ ಗಾಡಿಯಲ್ಲಿ ಹೊಂದಾಣಿಕೆಯೇ ಇಲ್ಲ ಎಂದು ಹೇಳಿ ಕಳುಹಿಸಿದರು. ಕೊಟ್ಟ ಚೀಟಿಯಲ್ಲಿ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಎಡಕ್ಕೆ ಮೈನಸ್ 0.9, ಬಲಕ್ಕೆ ಮೈನಸ್ 0.7 ಡಿಗ್ರಿ ಎಂದಿದೆ. ಕೈಪಿಡಿಯ ಪ್ರಕಾರ ಅದು ಪ್ಲಸ್ 3 ಇರಬೇಕು. ಒಬ್ಬರು ಆಫ್‌ಸೆಟ್ ಬುಷ್ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಕೊಳವೆ) ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಡ್ರಾಪ್ ಬ್ರಾಕೆಟ್ ಎನ್ನುತ್ತಾರೆ, ಮತ್ತೊಬ್ಬರು ಸ್ಟಿಯರಿಂಗ್ ಡ್ಯಾಂಪರ್ ಬದಲಿಸಿದರೆ ಸಾಕು ಎನ್ನುತ್ತಾರೆ. ಯಾವುದನ್ನು ಯಾವ ಆಧಾರದ ಮೇಲೆ ಆರಿಸಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ನಾಲ್ಕುಚಕ್ರ

ಆಫ್‌ಸೆಟ್ ಬುಷ್ ಹಾಕಿಸಿ. ನನ್ನ ಗಾಡಿಗೂ ಅದನ್ನೇ ಹಾಕಿಸಿದ್ದೇನೆ, ಎರಡು ವರ್ಷದಿಂದ ಯಾವ ತೊಂದರೆಯೂ ಇಲ್ಲ. ಆರ್ಮ್ ಕಳಚಿ, ಹಳೆಯ ಬುಷ್ ಒತ್ತಿ ತೆಗೆದು, ಹೊಸದನ್ನು ಸರಿಯಾದ ದಿಕ್ಕಿಗೆ ಕೂರಿಸಿದರೆ ಕೆಲಸ ಮುಗಿಯಿತು. ಬ್ರಾಕೆಟ್ ಹಾಕಿದರೆ ಕಷ್ಟಪಟ್ಟು ಗಳಿಸಿದ ಎತ್ತರವನ್ನು ಚಾಸಿಯ ಕೆಳಗೆ ಮತ್ತೆ ಕಳೆದುಕೊಂಡಂತೆ.

ಹಳೇ ಸ್ಪ್ಯಾನರ್

ಕಲ್ಲುಹಾದಿಯವರೇ, ಯಾವ ಭಾಗವನ್ನೂ ಈಗಲೇ ಕೊಳ್ಳಬೇಡಿ. ನಿಮ್ಮ ಕೈಯಲ್ಲಿರುವ ಚೀಟಿ ಅರ್ಧ ಉತ್ತರವನ್ನು ಹೇಳಿದೆ, ಉಳಿದ ಅರ್ಧ ನಿಮ್ಮ ಗಾಡಿಯ ಕೆಳಗಿದೆ. ಡಬ್ಬದ ಮೇಲೆ ಬರೆದ ಲಿಫ್ಟ್ ಎತ್ತರವನ್ನು ನೋಡಿ ಅಲೈನ್‌ಮೆಂಟ್ ಭಾಗಗಳನ್ನು ಆರಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಯಾವ ಕೋನ ಎಷ್ಟು ತಪ್ಪಿದೆ ಎಂಬುದನ್ನು ಅಳೆದು, ಆ ಕೋನವನ್ನು ತಿದ್ದುವ ಭಾಗವನ್ನಷ್ಟೇ ಆರಿಸುವುದು ಸರಿಯಾದ ಕ್ರಮ.

ಮೊದಲು ಕ್ಯಾಸ್ಟರ್ ಏಕೆ ಕಳೆದುಹೋಯಿತು ಎಂಬುದನ್ನು ನೋಡೋಣ. ನಿಮ್ಮ ರೇಡಿಯಸ್ ಆರ್ಮ್‌ನ ಹಿಂದಿನ ತುದಿ ಚಾಸಿಗೆ, ಮುಂದಿನ ತುದಿ ಎರಡು ಬೋಲ್ಟ್‌ಗಳಲ್ಲಿ ಆಕ್ಸಲಿಗೆ ಕಟ್ಟಿಕೊಂಡಿದೆ. ಚಾಸಿ ಮೇಲೆದ್ದಾಗ ಆರ್ಮ್‌ನ ಹಿಂದಿನ ತುದಿಯೂ ಮೇಲೇಳುತ್ತದೆ, ಆರ್ಮ್ ಎಷ್ಟು ಡಿಗ್ರಿ ತಿರುಗುತ್ತದೆಯೋ ಆಕ್ಸಲ್ ಕೂಡ ಅಷ್ಟೇ ಡಿಗ್ರಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಆರ್ಮ್ 900 ಮಿ.ಮೀ. ಉದ್ದವಿದ್ದು ಲಿಫ್ಟ್ 50 ಮಿ.ಮೀ. ಆಗಿದ್ದರೆ ನಷ್ಟ ಸುಮಾರು 3.2 ಡಿಗ್ರಿ, 65 ಮಿ.ಮೀ. ಆಗಿದ್ದರೆ ಸುಮಾರು 4.1 ಡಿಗ್ರಿ. ನಿಮ್ಮ ಚೀಟಿಯಂತೆ 3ರಿಂದ ಮೈನಸ್ 0.9ರವರೆಗೆ, ಅಂದರೆ ಹೆಚ್ಚು ಕಡಿಮೆ 4 ಡಿಗ್ರಿ ಹೋಗಿದೆ. ಇದರಿಂದ ನನಗೆ ಹುಟ್ಟುವ ಅನುಮಾನವೇನೆಂದರೆ, ನಿಮ್ಮ ಗಾಡಿ 50ಕ್ಕಿಂತ ಹೆಚ್ಚು ಎದ್ದಿದೆ. ಹಬ್‌ನ ನಡುವಿನಿಂದ ಚಕ್ರದ ಕಮಾನಿನ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಹಳೆಯ ಅಳತೆ ಬರೆದಿಟ್ಟಿದ್ದರೆ ಹೋಲಿಸಿ ನೋಡಿ, ಆರ್ಮ್‌ನ ಉದ್ದವನ್ನೂ ತಿಳಿಸಿ.

ಇನ್ನು ಆಯ್ಕೆಗಳ ವಿಚಾರ. ಆಫ್‌ಸೆಟ್ ಬುಷ್‌ನಲ್ಲಿ ಬೋಲ್ಟಿನ ತೂತು ನಡುವಿನಲ್ಲಿರದೆ ಪಕ್ಕಕ್ಕೆ ಸರಿದಿರುತ್ತದೆ. ಆಕ್ಸಲ್ ಬಳಿಯ ಎರಡು ಬೋಲ್ಟ್‌ಗಳಲ್ಲಿ ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಸರಿಯುವಂತೆ ಕೂರಿಸಿದಾಗ ಆಕ್ಸಲ್ ಹಿಂದಕ್ಕೆ ತಿರುಗುತ್ತದೆ. ತೂತು ಪಕ್ಕಕ್ಕೆ ಸರಿದಷ್ಟೂ ಒಂದು ಬದಿಯ ರಬ್ಬರ್ ತೆಳುವಾಗುತ್ತದೆ. ರೇಡಿಯಸ್ ಆರ್ಮ್ ಇರುವ ಗಾಡಿಯಲ್ಲಿ ಒಂದು ಚಕ್ರ ಬಂಡೆ ಹತ್ತಿ ಇನ್ನೊಂದು ಹೊಂಡಕ್ಕಿಳಿದಾಗ ಆಕ್ಸಲ್ ತಿರುಚಿಕೊಳ್ಳಲು ಜಾಗ ಕೊಡುವುದು ಆ ಬುಷ್‌ಗಳೇ. ರಬ್ಬರ್ ತೆಳುವಾದಾಗ, ಅಥವಾ ಅದರ ಬದಲು ಗಟ್ಟಿ ಪಾಲಿಯುರೆಥೇನ್ ಬಂದಾಗ, ಆಕ್ಸಲಿನ ಆಟ ಕಡಿಮೆಯಾಗುತ್ತದೆ, ಬುಷ್ ಬೇಗ ಹರಿಯುತ್ತದೆ, ಆ ಹೊರೆಯೆಲ್ಲ ಬ್ರಾಕೆಟ್‌ಗಳ ಮೇಲೆ ಬೀಳುತ್ತದೆ. ಎರಡು, ಎರಡೂವರೆ ಡಿಗ್ರಿಯವರೆಗೆ ತಿದ್ದಬೇಕಾದಾಗ ನಾನು ಬುಷ್‌ಗೆ ಒಪ್ಪುತ್ತೇನೆ. ನಾಲ್ಕು ಡಿಗ್ರಿಗೆ ಒಪ್ಪುವುದಿಲ್ಲ.

ಡ್ರಾಪ್ ಬ್ರಾಕೆಟ್ ಚಾಸಿ ಕಡೆಯ ಕೀಲನ್ನೇ ಕೆಳಗಿಳಿಸಿ ಆರ್ಮ್ ಅನ್ನು ಮೊದಲಿನ ಕೋನಕ್ಕೆ ತರುತ್ತದೆ. ಕಂಪನಿಯ ಬುಷ್‌ಗಳು ಹಾಗೆಯೇ ಉಳಿಯುತ್ತವೆ, ಗುಂಡಿಗೆ ಬಿದ್ದಾಗಿನ ಹೊಡೆತವೂ ಮೃದುವಾಗುತ್ತದೆ. ನಾಲ್ಕುಚಕ್ರ ಅವರು ಹೇಳಿದ ದೋಷ ಮಾತ್ರ ನಿಜವಾದದ್ದು: ಬ್ರಾಕೆಟ್ ನೇತಾಡುವ ಜಾಗ ಮುಂದಿನ ಚಕ್ರದ ಹಿಂದೆಯೇ ಇರುವುದರಿಂದ, ಬಂಡೆಯ ಮೇಲಿಂದ ಇಳಿಯುವಾಗ ಮೊದಲು ತಾಗುವುದು ಅದೇ. ಮಣ್ಣು, ಮರಳಿನ ಹಾದಿಯೇ ಹೆಚ್ಚಾಗಿದ್ದರೆ ನಾನು ಬ್ರಾಕೆಟ್ ಆರಿಸುತ್ತೇನೆ. ಬಂಡೆಯ ಹಾದಿಯಾದರೆ, ತಿದ್ದುಪಡಿಯ ಕೋನವನ್ನು ಒಳಗೊಂಡೇ ತಯಾರಾದ ಹೊಸ ರೇಡಿಯಸ್ ಆರ್ಮ್ ಆರಿಸುತ್ತೇನೆ. ಅದರಲ್ಲಿ ಬುಷ್‌ನ ರಬ್ಬರ್ ಪೂರ್ಣ ದಪ್ಪದಲ್ಲಿ ಉಳಿಯುತ್ತದೆ, ಕೆಳಗೆ ಏನೂ ನೇತಾಡುವುದಿಲ್ಲ.

ಸ್ಟಿಯರಿಂಗ್ ಡ್ಯಾಂಪರ್ ಈ ಕಾಯಿಲೆಗೆ ಮದ್ದೇ ಅಲ್ಲ. ಸವೆದ ಪ್ಯಾನ್‌ಹಾರ್ಡ್ ಬುಷ್, ಸಡಿಲ ಬೋಲ್ಟ್, ಬ್ಯಾಲೆನ್ಸ್ ಇಲ್ಲದ ಟೈರ್, ಇವುಗಳಿಂದ ಹುಟ್ಟುವ ನಡುಕವನ್ನು ಅದು ಕೆಲವು ದಿನ ಮುಚ್ಚಿಡುತ್ತದೆ ಅಷ್ಟೇ. ಕ್ಯಾಸ್ಟರನ್ನು ಅದು ಒಂದು ಕೂದಲೆಳೆಯಷ್ಟೂ ಬದಲಿಸದು.

ಕಲ್ಲುಹಾದಿ

ಅಳೆದೆ. ಆರ್ಮ್ ಕೀಲಿನಿಂದ ಆಕ್ಸಲ್ ನಡುವಿನವರೆಗೆ 900 ಮಿ.ಮೀ.ಗೆ ಬಹಳ ಹತ್ತಿರವಿದೆ. ಗಾಡಿಯ ಮುಂಭಾಗ ಎದ್ದಿರುವುದು 50 ಅಲ್ಲ, 65 ಮಿ.ಮೀ. ಸ್ಪ್ರಿಂಗ್‌ನ ವಿವರಪಟ್ಟಿಯನ್ನು ಮತ್ತೊಮ್ಮೆ ಓದಿದಾಗ, ಅದು ಉಕ್ಕಿನ ಬಂಪರ್ ಮತ್ತು ವಿಂಚ್ ಹೊರುವ ಗಾಡಿಗೆಂದು ಮಾಡಿದ್ದು ಎಂದು ಗೊತ್ತಾಯಿತು. ಅವೆರಡನ್ನೂ ತರಿಸಿ ಇಟ್ಟಿದ್ದೇನೆ, ಇನ್ನೂ ಕೂರಿಸಿಲ್ಲ.

ಎಡಕ್ಕೂ ಬಲಕ್ಕೂ 0.2 ಡಿಗ್ರಿ ವ್ಯತ್ಯಾಸವಿದೆಯಲ್ಲ, ಅದನ್ನೂ ಬುಷ್‌ನಿಂದ ಸರಿಪಡಿಸಬಹುದೇ?

ಹಳೇ ಸ್ಪ್ಯಾನರ್

ಹಾಗಾದರೆ ಮೊದಲು ಬಂಪರ್ ಮತ್ತು ವಿಂಚ್ ಕೂರಿಸಿ, ಸಾಮಾನ್ಯವಾಗಿ ಹೊರುವ ಸಾಮಾನನ್ನೂ ಹೇರಿ, ಕೆಲವು ನೂರು ಕಿಲೋಮೀಟರ್ ಓಡಿಸಿ ಸ್ಪ್ರಿಂಗ್ ಕುಳಿತುಕೊಳ್ಳಲು ಬಿಡಿ. ಆಮೇಲೆ ಮತ್ತೆ ಅಳೆಯಿರಿ. ಖಾಲಿ ಗಾಡಿಯ ಅಳತೆಗೆ ಭಾಗ ಕೊಂಡು, ಆಮೇಲೆ ಭಾರ ಹೇರಿದರೆ ಕ್ಯಾಸ್ಟರ್ ಬೇಕಾದುದಕ್ಕಿಂತ ಹೆಚ್ಚಾಗಿ, ಸ್ಟಿಯರಿಂಗ್ ಕಲ್ಲಿನಂತೆ ಭಾರವಾಗುತ್ತದೆ.

0.2 ಡಿಗ್ರಿ ವ್ಯತ್ಯಾಸವನ್ನು ಮುಟ್ಟಬೇಡಿ. ಸಾಲಿಡ್ ಆಕ್ಸಲ್ ಒಂದೇ ಕಬ್ಬಿಣದ ತುಂಡು, ಅದರ ಎರಡು ತುದಿಗಳ ನಡುವಿನ ವ್ಯತ್ಯಾಸ ಹೌಸಿಂಗ್‌ನಲ್ಲೇ ಇರುತ್ತದೆ. ಎಡಕ್ಕೊಂದು ಬಲಕ್ಕೊಂದು ಬುಷ್ ಹಾಕಿದರೆ ಎರಡು ಆರ್ಮ್‌ಗಳು ಆಕ್ಸಲನ್ನು ಹಗಲೂ ರಾತ್ರಿ ಹಿಂಡುತ್ತಿರುತ್ತವೆಯೇ ಹೊರತು ವ್ಯತ್ಯಾಸ ಹೋಗುವುದಿಲ್ಲ. ವ್ಯತ್ಯಾಸ ಒಂದು ಡಿಗ್ರಿಯ ಸಮೀಪಕ್ಕೆ ಬಂದಿದ್ದರೆ ಮಾತ್ರ ಆಕ್ಸಲ್ ಅಥವಾ ನಕಲ್ (ಆಕ್ಸಲಿನ ತುದಿಯಲ್ಲಿ ಚಕ್ರ ಹಿಡಿದು ತಿರುಗುವ ಭಾಗ) ಬಾಗಿದೆಯೇ ಎಂದು ನೋಡಬೇಕು. ಅಂಥ ಗಾಡಿ ಕಡಿಮೆ ಕ್ಯಾಸ್ಟರ್ ಇರುವ ಕಡೆಗೆ ಎಳೆಯುತ್ತದೆ.

ಮನೆಯಲ್ಲೇ ಕ್ಯಾಸ್ಟರ್ ಅಳೆಯಬೇಕೆಂದಿದ್ದರೆ ಡಿಜಿಟಲ್ ಕೋನಮಾಪಕವೊಂದು ಸಾಕು. ಸಮತಟ್ಟು ನೆಲದಲ್ಲಿ ಚಕ್ರವನ್ನು 20 ಡಿಗ್ರಿ ಹೊರಕ್ಕೆ ತಿರುಗಿಸಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಬರೆದುಕೊಳ್ಳಿ, 20 ಡಿಗ್ರಿ ಒಳಕ್ಕೆ ತಿರುಗಿಸಿ ಮತ್ತೆ ಬರೆದುಕೊಳ್ಳಿ, ಎರಡರ ವ್ಯತ್ಯಾಸವನ್ನು 1.46ರಿಂದ ಗುಣಿಸಿ. ಚಕ್ರದ ಕೆಳಗೆ ಎರಡು ತಗಡಿನ ಹಾಳೆಗಳನ್ನು ನಡುವೆ ಗ್ರೀಸ್ ಸವರಿ ಇಟ್ಟರೆ ಟೈರ್ ನೆಲ ಕಚ್ಚದೆ ಸರಾಗವಾಗಿ ತಿರುಗುತ್ತದೆ.

ಮಣ್ಣುಗಾಲಿ

ನನ್ನ ಪ್ರಶ್ನೆಯೂ ಇದಕ್ಕೆ ಸೇರಿದ್ದೇ ಆದ್ದರಿಂದ ಇಲ್ಲಿಯೇ ಕೇಳುತ್ತೇನೆ. ನನ್ನ ಪಿಕಪ್‌ನಲ್ಲಿ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಮೇಲೊಂದು ಕೆಳಗೊಂದು ಕಂಟ್ರೋಲ್ ಆರ್ಮ್. ಕೆಳಗಿನ ಆರ್ಮ್‌ನ ಬೋಲ್ಟ್‌ಗಳಲ್ಲಿ ಕ್ಯಾಮ್ (ತಿರುಗಿಸಿದರೆ ಆರ್ಮ್ ಅನ್ನು ಸರಿಸುವ ಬಿಲ್ಲೆ) ಇದೆ. 50 ಮಿ.ಮೀ. ಲಿಫ್ಟ್ ಆದ ಮೇಲೆ ಅಲೈನ್‌ಮೆಂಟ್ ಮಾಡುವವರು ಕ್ಯಾಮನ್ನು ಕೊನೆಯವರೆಗೂ ತಿರುಗಿಸಿ ಕ್ಯಾಸ್ಟರ್ ಹೇಗೋ ತಂದರು. ಈಗ ಪೂರ್ತಿ ತಿರುಗಿಸಿದಾಗ ಟೈರ್ ಮುಂದಿನ ಬಂಪರ್‌ನ ಮೂಲೆಗೆ ಉಜ್ಜುತ್ತಿದೆ. ಹೊಸ ಅಪ್ಪರ್ ಆರ್ಮ್ ಕೊಳ್ಳುವುದು ನಿಜಕ್ಕೂ ಅಗತ್ಯವೇ?

ಹಳೇ ಸ್ಪ್ಯಾನರ್

ನಿಮ್ಮ ವಿಷಯದಲ್ಲಿ ಅಗತ್ಯ. ಕ್ಯಾಸ್ಟರ್ ಹೆಚ್ಚಿಸಲು ಎರಡು ದಾರಿಗಳಿವೆ: ಕೆಳಗಿನ ಬಾಲ್ ಜಾಯಿಂಟನ್ನು ಮುಂದಕ್ಕೆ ತಳ್ಳಬಹುದು, ಇಲ್ಲವೇ ಮೇಲಿನದನ್ನು ಹಿಂದಕ್ಕೆ ಎಳೆಯಬಹುದು. ಕ್ಯಾಮ್ ಇರುವುದು ಕೆಳಗಿನ ಆರ್ಮ್‌ನಲ್ಲಿ, ಆದ್ದರಿಂದ ನಿಮ್ಮವರು ಮೊದಲ ದಾರಿ ಹಿಡಿದರು, ಚಕ್ರವೇ ಮುಂದಕ್ಕೆ ಹೋಗಿ ಬಂಪರಿಗೆ ತಾಗಿತು. ಲಿಫ್ಟ್‌ಗೆಂದು ಮಾಡಿದ ಅಪ್ಪರ್ ಆರ್ಮ್‌ನಲ್ಲಿ ಬಾಲ್ ಜಾಯಿಂಟ್ ಮೊದಲೇ ಹಿಂದಕ್ಕೆ ಕೂತಿರುತ್ತದೆ. ಆಗ ಕ್ಯಾಮ್‌ಗಳನ್ನು ನಡುವಿಗೆ ತಂದು ಚಕ್ರವನ್ನು ಕಮಾನಿನ ಮಧ್ಯಕ್ಕೆ ಮರಳಿಸಬಹುದು, ಕ್ಯಾಂಬರ್‌ಗೂ ಹೊಂದಾಣಿಕೆ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ. ಚಕ್ರ ಪೂರ್ತಿ ನೇತಾಡಿದಾಗ ಕಂಪನಿಯ ಆರ್ಮ್ ಸ್ಪ್ರಿಂಗಿಗೆ ತಾಗುವ, ಅದರ ಬಾಲ್ ಜಾಯಿಂಟ್ ತನ್ನ ಕೋನದ ಮಿತಿಗೆ ಮುಟ್ಟುವ ಸಾಧ್ಯತೆ ಲಿಫ್ಟ್ ಆದ ಗಾಡಿಯಲ್ಲಿ ಹೆಚ್ಚು. ಒಳ್ಳೆಯ ಆರ್ಮ್ ಈ ಎರಡಕ್ಕೂ ಜಾಗ ಮಾಡಿಕೊಟ್ಟಿರುತ್ತದೆ. ಕೊಳ್ಳುವ ಮುನ್ನ ಜ್ಯಾಕ್ ಮೇಲೆ ಚಕ್ರವನ್ನು ನೇತುಬಿಟ್ಟು, ಆರ್ಮ್ ಮತ್ತು ಸ್ಪ್ರಿಂಗ್ ನಡುವೆ ಬೆರಳು ತೂರುತ್ತದೆಯೇ ನೋಡಿ. ಸ್ಪ್ರಿಂಗಿನ ಬಣ್ಣ ಉಜ್ಜಿ ಹೊಳೆಯುತ್ತಿದ್ದರೆ ಉತ್ತರ ಅಲ್ಲಿಯೇ ಸಿಕ್ಕಿತು.

ಯೂನಿಬಾಲ್ (ಲೋಹದ ಗುಂಡಿನ ಕೀಲು) ಇರುವ ಆರ್ಮ್ ಕೊಳ್ಳಬೇಕೇ, ರಬ್ಬರ್ ಟೊಪ್ಪಿಗೆಯ ಬಾಲ್ ಜಾಯಿಂಟ್ ಇರುವುದೇ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಯೂನಿಬಾಲ್ ಹೆಚ್ಚು ಕೋನ ಕೊಡುತ್ತದೆ, ಆದರೆ ತೆರೆದುಕೊಂಡಿರುತ್ತದೆ. ಕೆಸರು, ಉಪ್ಪುನೀರು ನುಗ್ಗಿದರೆ ಸವೆದು ಕಟಕಟ ಸದ್ದು ಮಾಡುತ್ತದೆ, ಆಗಾಗ ತೊಳೆದು ನೋಡಿಕೊಳ್ಳಬೇಕು. ದಿನವೂ ಓಡಿಸುವ ಗಾಡಿಗೆ ನನ್ನ ಆಯ್ಕೆ ಮುಚ್ಚಿದ ಬಾಲ್ ಜಾಯಿಂಟ್. ಅದು ಬೇರೆಯಾಗಿ ಕಳಚಿ ಬದಲಿಸಲು ಬರುವಂಥದ್ದೇ, ಬದಲಿ ಜಾಯಿಂಟ್ ಸುಲಭವಾಗಿ ಸಿಗುತ್ತದೆಯೇ ಎಂಬುದನ್ನು ಆರ್ಮ್‌ನ ಅಂದಕ್ಕಿಂತ ಮೊದಲು ನೋಡಬೇಕು.

ಡ್ರೈವ್ ಶಾಫ್ಟ್‌ನ ಸಿವಿ ಜಾಯಿಂಟ್‌ಗಳ ಕೋನವನ್ನು ಅಪ್ಪರ್ ಆರ್ಮ್ ತಿದ್ದುವುದಿಲ್ಲ ಎಂಬುದು ನೆನಪಿರಲಿ. ಆ ಜಾಯಿಂಟಿನ ಬೂಟ್‌ನ (ರಬ್ಬರ್ ಹೊದಿಕೆಯ) ಮಡಿಕೆಗಳು ಒಂದಕ್ಕೊಂದು ಉಜ್ಜುತ್ತಿದ್ದರೆ ಎತ್ತರವನ್ನೇ ಸ್ವಲ್ಪ ಇಳಿಸುವುದು ಲೇಸು.

ನಾಲ್ಕುಚಕ್ರ

ನಾನು ಮೊದಲು ಬರೆದುದಕ್ಕೆ ಒಂದು ತಿದ್ದುಪಡಿ. ಈ ಚರ್ಚೆ ಓದಿದ ಮೇಲೆ ನನ್ನ ಗಾಡಿಯ ಕೆಳಗೆ ಹೋಗಿ ನೋಡಿದೆ. ಬಲಗಡೆ ಹಿಂದಿನ ಬುಷ್‌ನಲ್ಲಿ, ರಬ್ಬರ್ ತೆಳುವಾಗಿರುವ ಬದಿಗೇ, ಉಗುರು ಇಳಿಯುವಷ್ಟು ಆಳದ ಬಿರುಕು ಬಂದಿದೆ. ಲಿಫ್ಟ್ 40 ಮಿ.ಮೀ. ಮಾತ್ರ. ಇಷ್ಟು ಬೇಗ ಏಕೆ ಹೀಗಾಯಿತು?

ಹಳೇ ಸ್ಪ್ಯಾನರ್

ಬೋಲ್ಟ್ ಬಿಗಿದಾಗ ಗಾಡಿ ಎಲ್ಲಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ರಬ್ಬರ್ ಬುಷ್‌ನ ಒಳ ಕೊಳವೆಯೂ ಹೊರ ಕೊಳವೆಯೂ ರಬ್ಬರಿಗೆ ಅಂಟಿಕೊಂಡಿರುತ್ತವೆ, ಅದು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದಾಗ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ಬುಷ್ ತಿರುಚಿಕೊಂಡ ಸ್ಥಿತಿಯಲ್ಲಿ ಬದುಕಬೇಕಾಗುತ್ತದೆ. ಬೋಲ್ಟನ್ನು ಕೈಬಿಗಿತಕ್ಕೆ ಬಿಟ್ಟು, ಗಾಡಿಯನ್ನು ತನ್ನ ಭಾರದ ಮೇಲೆ ನಿಲ್ಲಿಸಿ, ಎರಡು ಸಲ ಮೇಲೆ ಕೆಳಗೆ ಒತ್ತಿ ಕೂರಿಸಿದ ಮೇಲೆಯೇ ಟಾರ್ಕ್ ರೆಂಚ್ ಹಿಡಿಯಬೇಕು.

ನಾಲ್ಕುಚಕ್ರ

ಗಾಡಿಯನ್ನು ಗ್ಯಾರೇಜಿನ ಎತ್ತುವ ಯಂತ್ರದ ಮೇಲೆ ಇಟ್ಟಿದ್ದಾಗಲೇ ಬಿಗಿದಿದ್ದರು, ನಾನು ಪಕ್ಕದಲ್ಲೇ ನಿಂತಿದ್ದೆ. ಹೊಸ ಬುಷ್ ತರಿಸುತ್ತೇನೆ, ಈ ಬಾರಿ ನೆಲದ ಮೇಲೆಯೇ ಬಿಗಿಸುತ್ತೇನೆ.

ಕಲ್ಲುಹಾದಿ

ಬಂಪರ್, ವಿಂಚ್ ಕೂರಿಸಿ ಆರು ನೂರು ಕಿಲೋಮೀಟರ್ ಓಡಿಸಿದೆ. ಈಗ ಲಿಫ್ಟ್ 52 ಮಿ.ಮೀ.ಗೆ ಇಳಿದಿದೆ, ಕ್ಯಾಸ್ಟರ್ ಎಡಕ್ಕೆ ಮೈನಸ್ 0.2, ಬಲಕ್ಕೆ ಸೊನ್ನೆ. ಮೂರು ಡಿಗ್ರಿ ತಿದ್ದುಪಡಿ ಇರುವ ರೇಡಿಯಸ್ ಆರ್ಮ್‌ಗಳನ್ನು ತೆಗೆದುಕೊಳ್ಳಬೇಕೆಂದಿದ್ದೇನೆ. ನನ್ನ ಹಾದಿಯೆಲ್ಲ ಬಂಡೆಗಳದ್ದೇ ಆದ್ದರಿಂದ ಬ್ರಾಕೆಟ್ ಬೇಡವೆನಿಸಿತು. ಆದರೆ ಈಗ ಮುಂದಿನ ಆಕ್ಸಲ್ ಒಂದು ಪಕ್ಕಕ್ಕೆ ಸರಿದಿದೆ. ಕಮಾನಿನಿಂದ ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು ಅಳೆದಾಗ ಎಡ ಟೈರ್ ಬಲದ್ದಕ್ಕಿಂತ 16 ಮಿ.ಮೀ. ಹೆಚ್ಚು ಹೊರಗಿದೆ. ಸ್ಟಿಯರಿಂಗ್ ಕೂಡ ನೇರ ಹೋಗುವಾಗ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಡ್ರಾಪ್ ಪಿಟ್‌ಮನ್ ಆರ್ಮ್ (ಸ್ಟಿಯರಿಂಗ್ ಬಾಕ್ಸಿಗೆ ಕೂರುವ, ಹೆಚ್ಚು ಕೆಳಕ್ಕಿಳಿದ ತೋಳು) ಹಾಕಿಸಿದರೆ ಸ್ಟಿಯರಿಂಗ್ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು.

ಹಳೇ ಸ್ಪ್ಯಾನರ್

ಆರ್ಮ್‌ನ ಆಯ್ಕೆ ಸರಿಯಾಗಿದೆ. ಕೊಳ್ಳುವ ಮುನ್ನ ಟ್ರಾನ್ಸ್‌ಫರ್ ಕೇಸಿನಿಂದ (ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆಯಿಂದ) ಮುಂದಿನ ಆಕ್ಸಲಿಗೆ ಹೋಗುವ ಪ್ರೊಪೆಲರ್ ಶಾಫ್ಟ್‌ನ ಎರಡೂ ತುದಿಗಳನ್ನು ನೋಡಿ. ಕ್ಯಾಸ್ಟರ್ ಹೆಚ್ಚಿಸಿದಾಗ ಪಿನಿಯನ್‌ನ (ಶಾಫ್ಟ್ ಬಂದು ಸೇರುವ ಆಕ್ಸಲಿನ ಗೇರಿನ) ಮೂಗು ಕೆಳಕ್ಕೆ ಬಾಗುತ್ತದೆ. ಶಾಫ್ಟ್‌ನ ಎರಡೂ ತುದಿಗಳಲ್ಲಿ ಒಂದೊಂದೇ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ಇದ್ದರೆ ಇದು ಒಳ್ಳೆಯದೇ, ಏಕೆಂದರೆ ಪಿನಿಯನ್ ಮತ್ತು ಟ್ರಾನ್ಸ್‌ಫರ್ ಕೇಸಿನ ಶಾಫ್ಟ್ ಮತ್ತೆ ಸಮಾನಾಂತರಕ್ಕೆ ಬರುತ್ತವೆ. ಟ್ರಾನ್ಸ್‌ಫರ್ ಕೇಸಿನ ಕಡೆ ಡಬಲ್ ಕಾರ್ಡನ್ (ಎರಡು ಕ್ರಾಸ್ ಕೂಡಿದ ಜಾಯಿಂಟ್) ಇದ್ದರೆ ಪಿನಿಯನ್ ಆ ಜಾಯಿಂಟ್ ಕಡೆಗೇ ಮುಖ ಮಾಡಿರಬೇಕು, ಕ್ಯಾಸ್ಟರ್ ತಿದ್ದಿದಷ್ಟೂ ಅದು ಬೇರೆಡೆಗೆ ತಿರುಗಿ ನಡುಕ ಹುಟ್ಟುತ್ತದೆ. ಅಂಥ ಗಾಡಿಯಲ್ಲಿ ಪೂರ್ತಿ ಮೂರು ಡಿಗ್ರಿ ಆಸೆಪಡದೆ ಎರಡಕ್ಕೆ ನಿಲ್ಲುವುದು ವಿವೇಕ.

ಪಕ್ಕಕ್ಕೆ ಸರಿದಿರುವುದು ಪ್ಯಾನ್‌ಹಾರ್ಡ್ ರಾಡ್‌ನ ಕೆಲಸ. ರಾಡ್ 850 ಮಿ.ಮೀ. ಉದ್ದವಿದ್ದು ಲಿಫ್ಟ್‌ಗೆ ಮುಂಚೆ ಮಟ್ಟವಾಗಿಯೇ ಇದ್ದಿದ್ದರೆ 52 ಮಿ.ಮೀ. ಎತ್ತರಕ್ಕೆ ಆಕ್ಸಲ್ ಎರಡು ಮಿ.ಮೀ. ಕೂಡ ಸರಿಯುತ್ತಿರಲಿಲ್ಲ. ಮೊದಲೇ ಎರಡು ತುದಿಗಳ ನಡುವೆ 100 ಮಿ.ಮೀ. ಇಳಿಜಾರಿದ್ದರೆ ಅದೇ ಎತ್ತರಕ್ಕೆ ಸುಮಾರು 8 ಮಿ.ಮೀ. ಸರಿಯುತ್ತದೆ. ಎರಡು ಬದಿಯ ವ್ಯತ್ಯಾಸ ಅದರ ಇಮ್ಮಡಿ, ಅಂದರೆ ನೀವು ಕಂಡ 16. ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಇದಕ್ಕೆ ಸರಿಯಾದ ಭಾಗ.

ಡ್ರಾಪ್ ಪಿಟ್‌ಮನ್ ಆರ್ಮ್ ಬೇಡವೇ ಬೇಡ. ಲಿಫ್ಟ್ ಆದಾಗ ಡ್ರ್ಯಾಗ್ ಲಿಂಕ್ (ಪಿಟ್‌ಮನ್ ಆರ್ಮ್‌ನಿಂದ ಚಕ್ರದ ಕಡೆಗೆ ಹೋಗುವ ಸರಳು) ಮತ್ತು ಪ್ಯಾನ್‌ಹಾರ್ಡ್ ರಾಡ್ ಎರಡೂ ಒಟ್ಟಿಗೆ ಇಳಿಜಾರಾಗಿವೆ, ಈಗಲೂ ಹೆಚ್ಚು ಕಡಿಮೆ ಸಮಾನಾಂತರವಾಗಿಯೇ ಇವೆ. ಗುಂಡಿಗೆ ಬಿದ್ದಾಗ ಎರಡೂ ಒಂದೇ ಕಮಾನಿನಲ್ಲಿ ಓಲಾಡುವುದರಿಂದಲೇ ಸ್ಟಿಯರಿಂಗ್ ಕೈಯಲ್ಲಿ ಜಗ್ಗುವುದಿಲ್ಲ. ಒಂದನ್ನು ಮಾತ್ರ ಮಟ್ಟ ಮಾಡಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ, ಪ್ರತಿ ಗುಂಡಿಗೂ ಚಕ್ರ ತಾನೇ ತಿರುಗತೊಡಗುತ್ತದೆ. ಓರೆಯಾಗಿ ನಿಂತ ಸ್ಟಿಯರಿಂಗನ್ನು ಡ್ರ್ಯಾಗ್ ಲಿಂಕ್‌ನ ಉದ್ದ ಹೊಂದಿಸಿಯೇ ನೇರ ಮಾಡಬಹುದು.

ಕ್ರಮ ಮಾತ್ರ ತಪ್ಪಬಾರದು: ಮೊದಲು ಆರ್ಮ್, ಆಮೇಲೆ ಪ್ಯಾನ್‌ಹಾರ್ಡ್, ಆಮೇಲೆ ಡ್ರ್ಯಾಗ್ ಲಿಂಕ್, ಎಲ್ಲಕ್ಕಿಂತ ಕೊನೆಗೆ ಟೋ. ಟೈರ್ ತಿನ್ನುವುದು ಮುಖ್ಯವಾಗಿ ಟೋ. ಪ್ರತಿ ಚಕ್ರ ಕಾಲು ಡಿಗ್ರಿ ತಪ್ಪಿದ್ದರೂ ಒಂದು ಕಿಲೋಮೀಟರಿಗೆ ನಾಲ್ಕು ಮೀಟರಿಗೂ ಹೆಚ್ಚು ಅಡ್ಡಕ್ಕೆ ಉಜ್ಜಿದಷ್ಟು ಸವೆತ ಟೈರ್ ಮೇಲೆ ಬೀಳುತ್ತದೆ.

ಕಲ್ಲುಹಾದಿ

ನನ್ನ ಶಾಫ್ಟ್‌ನಲ್ಲಿ ಎರಡೂ ಕಡೆ ಒಂದೊಂದೇ ಕ್ರಾಸ್ ಇದೆ, ಆದ್ದರಿಂದ ಧೈರ್ಯವಾಗಿ ಮೂರು ಡಿಗ್ರಿಯ ಆರ್ಮ್‌ಗಳನ್ನೇ ಹಾಕಿಸಿದೆ. ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ ನಿಂತ ಮೇಲೆಯೇ ಬಿಗಿಸಿದೆ. ಪ್ಯಾನ್‌ಹಾರ್ಡ್ ರಾಡನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ ತೂಕದ ದಾರ ಎರಡೂ ಬದಿಗೆ ಒಂದೇ ಅಳತೆ ತೋರಿಸುವವರೆಗೆ ಹೊಂದಿಸಿದೆವು. ಕೊನೆಯ ಚೀಟಿಯಲ್ಲಿ ಕ್ಯಾಸ್ಟರ್ ಎಡಕ್ಕೆ 2.8, ಬಲಕ್ಕೆ 3.0 ಎಂದಿದೆ, ಒಟ್ಟು ಟೋ-ಇನ್ 2 ಮಿ.ಮೀ.

ನಿನ್ನೆ ಹೆದ್ದಾರಿಯಲ್ಲಿ ಒಂದು ದೊಡ್ಡ ತಿರುವು ಮುಗಿಯುವಾಗ ಹಿಡಿತ ಸಡಿಲಿಸಿ ನೋಡಿದೆ. ಸ್ಟಿಯರಿಂಗ್ ನನ್ನ ಅಂಗೈಯೊಳಗೆ ಜಾರುತ್ತಾ ತಾನೇ ನೇರಕ್ಕೆ ಬಂದು ನಿಂತಿತು. ಪ್ರತಿ ನಟ್ ಮತ್ತು ಬ್ರಾಕೆಟ್ ಮೇಲೆ ಹಾದುಹೋಗುವಂತೆ ಬಿಳಿ ಬಣ್ಣದ ಗೆರೆ ಎಳೆದಿದ್ದೆ. ಇವತ್ತು ಬಂಡೆಯ ಹಾದಿಯಲ್ಲಿ ಹೋಗಿ ಬಂದು, ಕೆಸರು ತೊಳೆದು ನೋಡಿದಾಗ ಆರ್ಮ್‌ಗಳ ಗೆರೆಗಳೆಲ್ಲ ಕೂಡಿಕೊಂಡೇ ಇದ್ದವು. ಪ್ಯಾನ್‌ಹಾರ್ಡ್ ರಾಡ್‌ನ ಲಾಕ್ ನಟ್ ಒಂದು ಮಾತ್ರ ಗೆರೆಯಿಂದ ಬೆರಳಗಲದಷ್ಟು ತಿರುಗಿತ್ತು. ಅದನ್ನು ಮತ್ತೆ ಬಿಗಿದು, ಅಳೆದು, ಹೊಸ ಗೆರೆ ಎಳೆದಿದ್ದೇನೆ.